ಹಳೇ ಪೆಡಲ್ ಸ್ಟೀಲ್ ಗಿಟಾರ್: ಸ್ವರ ವಾಪಸ್ ಇಳಿಯುತ್ತಿಲ್ಲ

ಪ್ರಶ್ನೆ (ಸಪ್ತಾಪುರ, ಧಾರವಾಡ): ನಮ್ಮ ಮಾಮಾ ಬಿಟ್ಟುಹೋದ ಹತ್ತು ತಂತಿಯ ಶೋ-ಬಡ್ ಕಂಪನಿಯ ಪೆಡಲ್ ಸ್ಟೀಲ್ ಗಿಟಾರ್ (ಮಲಗಿಸಿ ನುಡಿಸುವ, ಕಾಲಿನ ಪೆಡಲ್‌ನಿಂದ ಸ್ವರ ಏರಿಳಿಸುವ ಗಿಟಾರ್) ಇದೆ. ತಂತಿಗಳು ಇ9 ಎಂಬ ಶ್ರುತಿಯಲ್ಲಿವೆ. ಎ ಪೆಡಲ್ ಒತ್ತಿದರೆ ಐದನೇ ತಂತಿ ಬಿ ಸ್ವರದಿಂದ ಸಿ ಶಾರ್ಪ್‌ಗೆ ಏರುತ್ತದೆ. ಕಾಲು ತೆಗೆದರೆ ಪೂರ್ತಿ ಇಳಿಯುವುದಿಲ್ಲ. ಸ್ಪ್ರಿಂಗ್ ಬದಲಿಸಬೇಕಾ?

ಹುಬ್ಬಳ್ಳಿಯಿಂದ: ಅವಸರ ಬೇಡ ಸರ್. ಗಿಟಾರ್ ಬೋರಲು ಹಾಕಿ, ಪೆಡಲ್ ಒತ್ತಿದಾಗ ಎಳೆಯುವ ಸರಳುಗಳನ್ನು ನೋಡಿ. ಹಳೇ ಎಣ್ಣೆ ಗಟ್ಟಿಯಾಗಿ ಅಂಟಿರುತ್ತದೆ. ಲೈಟರ್‌ಗೆ ಹಾಕುವ ಎಣ್ಣೆ ಸ್ವಲ್ಪ ಬಿಟ್ಟು ಪೆಡಲ್ ಆಡಿಸಿ. ಬೆಂಕಿ ದೂರ ಇರಲಿ. ಆಮೇಲೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ, ಜಾಸ್ತಿ ಬೇಡ.

ಗದಗದಿಂದ: ಮರದ ಮೇಲಿನ ಹಳೇ ಪಾಲಿಶ್ ಮಾತ್ರ ಉಜ್ಜಿ ತೆಗೆಯಬೇಡಿ, ದಯವಿಟ್ಟು. ಅದರ ಚೆಲುವೇ ಅದು.

ಸಪ್ತಾಪುರ: ಅಂಟು ಬಿಟ್ಟಿತು! ಸ್ವರ ಜಾರುವಾಗ ಸಿತಾರಿನ ಮೀಂಡ್ ಕೇಳಿದ ಹಾಗಿದೆ, ಅಲ್ವಾ? ಮೂರನೇ ತಂತಿ, 0.011 ಇಂಚು ದಪ್ಪದ್ದು, ಎಲ್ಲಿ ಸಿಗುತ್ತದೆ? ಬೇಗ ತುಂಡಾಗುವುದು ಅದೇ.