ಫೌಜದಾರ, ಎಸ್‌ಪಿ, ಕಮಿಷನರ್: ಹುಬ್ಬಳ್ಳಿ-ಧಾರವಾಡದಾಗ ಯಾರ ಹದ್ದಿ ಎಲ್ಲಿತನಕ?

ಉಣಕಲ್ ದಂಡಿ:
ಓಣಿ ವಾಚನಾಲಯದ ಸಂಚಿಕೆಗೆ ಅವಳಿ ನಗರದ ಪೊಲೀಸ್ ವ್ಯವಸ್ಥೆ ಬಗ್ಗೆ ನಾಲ್ಕು ಪುಟದ ಲೇಖನ ಬೇಕಾಗೇದ. ಧಾರವಾಡದಾಗ ಎಸ್‌ಪಿ (ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ) ಕಚೇರಿ ಐತಿ, ನವನಗರದಾಗ ಪೊಲೀಸ್ ಆಯುಕ್ತರ ಕಚೇರಿ ಐತಿ. ಒಂದೇ ಜಿಲ್ಲಾಕ್ಕ ಎರಡು ಯಾಕ? ಆಯುಕ್ತರಿಗೆ ಎಸ್‌ಪಿಗಿಂತ ಏನು ಹೆಚ್ಚಿನ ಅಧಿಕಾರ? ಗದಗ-ಬೆಟಗೇರಿನೂ ಅವಳಿ ಊರೇ, ಅಲ್ಲಿ ಯಾಕ ಕಮಿಷನರ್ ಇಲ್ಲ? ಹಿರಿಯರು ಇನ್ನೂ ಪಿಎಸ್‌ಐಗೆ (ಸಬ್ ಇನ್‌ಸ್ಪೆಕ್ಟರಿಗೆ) ‘ಫೌಜದಾರ್ರು’ ಅಂತಾರಲ್ಲ, ಆ ಮಾತು ಎಲ್ಲಿಂದ ಬಂತು? ತಿಳಿದವರು ಬಿಡಿಸಿ ಹೇಳ್ರಿ.

ಸಾಧನಕೇರಿ:
ಮೊದಲು ಹದ್ದಿಯ ಮಾತು. ಜಿಲ್ಲೆ ಒಂದೇ ಆದರೂ ಪೊಲೀಸ್ ಘಟಕ ಎರಡು. ಹುಬ್ಬಳ್ಳಿ ಶಹರ, ಉಪನಗರ, ಹಳೇ ಹುಬ್ಬಳ್ಳಿ, ಕಸಬಾಪೇಟೆ, ಬೆಂಡಿಗೇರಿ, ಘಂಟಿಕೇರಿ, ಕಮರಿಪೇಟೆ, ಕೇಶ್ವಾಪುರ, ಅಶೋಕನಗರ, ಗೋಕುಲ ರೋಡ್, ವಿದ್ಯಾನಗರ, ಎಪಿಎಂಸಿ ನವನಗರ, ಆಮೇಲೆ ಧಾರವಾಡದ ಶಹರ, ಉಪನಗರ, ವಿದ್ಯಾಗಿರಿ ಠಾಣೆಗಳು ಆಯುಕ್ತರ ಕೆಳಗೆ ಬರುತ್ತವೆ. ಸಂಚಾರ, ಮಹಿಳಾ, ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಠಾಣೆಗಳು ಬೇರೆ ಇವೆ. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಅಳ್ನಾವರ, ಗರಗ, ಜೊತೆಗೆ ಧಾರವಾಡ ಗ್ರಾಮೀಣ ಮತ್ತು ಹುಬ್ಬಳ್ಳಿ ಗ್ರಾಮೀಣ ಠಾಣೆಗಳು ಎಸ್‌ಪಿಗೆ ಸೇರಿದವು. ಜನ ಎಡವುವುದು ಈ ಕೊನೆಯ ಎರಡರಲ್ಲೇ. ಹೆಸರಿನಲ್ಲಿ ಊರಿದೆ, ಆದರೆ ಹದ್ದಿ ಊರಾಚೆಗಿನ ಹಳ್ಳಿಗಳದ್ದು.

ಇನ್ನು ಅಧಿಕಾರ. ಎಸ್‌ಪಿ ಪೊಲೀಸ್ ಅಧಿಕಾರಿ ಮಾತ್ರ. ಕಾರ್ಯನಿರ್ವಾಹಕ ದಂಡಾಧಿಕಾರಿಯ (ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್) ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರರ ಕೈಯಲ್ಲಿರುತ್ತದೆ. ಆಯುಕ್ತರಿಗೆ ಆ ಅಧಿಕಾರದ ಬಹುಪಾಲನ್ನು ಸರ್ಕಾರ ಕೊಟ್ಟಿರುತ್ತದೆ. ನಿಷೇಧಾಜ್ಞೆ ತೆಗೆದುಕೊಳ್ಳಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 144ನೇ ಕಲಮು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163ನೇ ಕಲಮು. ಗದಗಿನಲ್ಲಿ ಎಸ್‌ಪಿ ವರದಿ ಕೊಡುತ್ತಾರೆ, ಆದೇಶಕ್ಕೆ ಜಿಲ್ಲಾಧಿಕಾರಿ ಸಹಿ ಹಾಕುತ್ತಾರೆ. ಹುಬ್ಬಳ್ಳಿಯಲ್ಲಿ ಆಯುಕ್ತರೇ ಸಹಿ ಹಾಕುತ್ತಾರೆ. ಆದೇಶದ ಅವಧಿ ಎರಡು ತಿಂಗಳು ಮೀರುವಂತಿಲ್ಲ; ಮುಂದುವರಿಸಲು ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನ ಗಡೀಪಾರಿಗೂ ನಗರದಲ್ಲಿ ಆಯುಕ್ತರ ಮಟ್ಟದಲ್ಲೇ ಆದೇಶವಾಗುತ್ತದೆ, ಹಳ್ಳಿಯ ಕಡೆ ಕಡತ ದಂಡಾಧಿಕಾರಿಗೆ ಹೋಗಬೇಕು. 1985ರ ಗೂಂಡಾ ಕಾಯ್ದೆಯಡಿ ಆಯುಕ್ತರು ಬಂಧನ ಆದೇಶ ಮಾಡಬಹುದು, ಆದರೆ 12 ದಿನದೊಳಗೆ ಸರ್ಕಾರದ ಒಪ್ಪಿಗೆ ಸಿಗದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ.

ಲೇಖನದಲ್ಲಿ ಒಂದು ತಪ್ಪು ಮಾತ್ರ ಮಾಡಬೇಡಿ. ‘ಕಮಿಷನರಿಗೆ ಮ್ಯಾಜಿಸ್ಟ್ರೇಟ್ ಪವರ್ ಇದೆ’ ಅಂದ ಕೂಡಲೆ ಅವರೇ ಶಿಕ್ಷೆ ಕೊಡುತ್ತಾರೆ ಅಂತ ಎಷ್ಟೋ ಜನ ತಿಳಿಯುತ್ತಾರೆ. ಇದು ಮುಂಜಾಗ್ರತೆಯ ಅಧಿಕಾರ. ಕಳ್ಳತನದ ಕೇಸು ನಡೆಯುವುದು, ಜಾಮೀನು ಸಿಗುವುದು, ಶಿಕ್ಷೆಯಾಗುವುದು ನ್ಯಾಯಾಲಯದಲ್ಲೇ.

ಬೆಟಗೇರಿ ನೇಕಾರ:
ಗದಗ-ಬೆಟಗೇರಿ ಪ್ರಶ್ನಿಗೆ ನಾ ಹೇಳ್ತೀನ್ರಿ. ಅವಳಿ ಊರು ಅನ್ನೂದಕ್ಕೂ ಕಮಿಷನರೇಟಿಗೂ ಸಂಬಂಧ ಇಲ್ಲ. ಪೊಲೀಸ್ ಕಾಯ್ದೆ 7ನೇ ಕಲಮಿನ ಪ್ರಕಾರ ಸರ್ಕಾರ ಯಾವ ಪ್ರದೇಶಕ್ಕ ಅಧಿಸೂಚನೆ ಹೊರಡಸ್ತದೋ ಅಲ್ಲಿ ಆಯುಕ್ತರು. ‘ಹತ್ತು ಲಕ್ಷ ಜನ ಇರಬೇಕು’ ಅನ್ನೂದೂ ಖರೇ ಅಲ್ಲ. 2011ರ ಜನಗಣತಿಯೊಳಗ ಹುಬ್ಬಳ್ಳಿ-ಧಾರವಾಡದ್ದೇ ಸುಮಾರು 9.4 ಲಕ್ಷ. ಬೆಂಗಳೂರಿಗೆ ಕಮಿಷನರೇಟ್ 1963ರಾಗ ಬಂತು. ಹುಬ್ಬಳ್ಳಿ-ಧಾರವಾಡ, ಮೈಸೂರಿನ ಮ್ಯಾಲೆ ಮಂಗಳೂರಿಗೆ 2010, ಬೆಳಗಾವಿಗೆ 2014, ಕಲಬುರಗಿಗೆ 2019.

ಗದಗ ಜಿಲ್ಲಾದಾಗ ಎಸ್‌ಪಿ ಕೆಳಗ ಡಿವೈಎಸ್‌ಪಿ (ಉಪ ಪೊಲೀಸ್ ವರಿಷ್ಠಾಧಿಕಾರಿ) ಉಪವಿಭಾಗ ಎರಡು, ಗದಗ ಮತ್ತು ನರಗುಂದ. ಅದರ ಕೆಳಗ ಸರ್ಕಲ್, ಅಂದ್ರ ಸಿಪಿಐ (ಸರ್ಕಲ್ ಇನ್‌ಸ್ಪೆಕ್ಟರ್) ಕಚೇರಿ. ಒಬ್ಬ ಸಿಪಿಐ ಎರಡು-ಮೂರು ಠಾಣಿ ಮ್ಯಾಲ ನಿಗಾ ಇಡ್ತಾರ, ಠಾಣಿ ನಡಸಾವ ಪಿಎಸ್‌ಐ. ಹುಬ್ಬಳ್ಳಿಯೊಳಗ ಈ ಸರ್ಕಲ್ ಅನ್ನೂದೇ ಇಲ್ಲ. ಠಾಣಿಗೆ ನೇರ ಇನ್‌ಸ್ಪೆಕ್ಟರ್ ಮುಖ್ಯಸ್ಥ, ಅವರ ಕೈಕೆಳಗ ಮೂರ್ನಾಲ್ಕು ಪಿಎಸ್‌ಐ, ಮ್ಯಾಲ ಎಸಿಪಿ (ಸಹಾಯಕ ಆಯುಕ್ತ), ಅದರ ಮ್ಯಾಲ ಡಿಸಿಪಿ (ಉಪ ಆಯುಕ್ತ). ಡಿಸಿಪಿ ಇಬ್ಬರು: ಕಾನೂನು-ಸುವ್ಯವಸ್ಥೆಗೆ ಒಬ್ಬರು, ಅಪರಾಧ-ಸಂಚಾರಕ್ಕ ಒಬ್ಬರು. ಅದಕ್ಕ ನಗರದ ಇನ್‌ಸ್ಪೆಕ್ಟರನ್ನ ‘ಸಿಪಿಐ’ ಅಂತ ಬರದ್ರ ತಪ್ಪಾಗ್ತದ, ‘ಪಿಐ’ ಅನ್ರಿ.

ಫೋಟೋಕ್ಕ ಹೆಸರು ಹಾಕೂ ಮುಂದ ಭುಜ ನೋಡ್ರಿ. ಒಂದು ಚುಕ್ಕಿ ಮತ್ತು ಕೆಂಪು-ನೀಲಿ ಪಟ್ಟಿ ಇದ್ರ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್), ಎರಡು ಚುಕ್ಕಿ ಮತ್ತು ಪಟ್ಟಿ ಪಿಎಸ್‌ಐ, ಮೂರು ಚುಕ್ಕಿ ಮತ್ತು ಪಟ್ಟಿ ಪಿಐ. ಮೂರು ಚುಕ್ಕಿ ಅವ ಆದ್ರ ಪಟ್ಟಿ ಇಲ್ಲ ಅಂದ್ರ ಎಸಿಪಿ ಇಲ್ಲಾ ಡಿವೈಎಸ್‌ಪಿ. ಸಂಚಿಕೆಗಳೊಳಗ ಭಾಳ ಅದಲುಬದಲು ಆಗೂದು ಈ ಕಡೀ ಎರಡೇ.

ಇನ್ನೊಂದು ಸಂಗತಿ. 1997ರ ಆಗಸ್ಟಿನಾಗ ಹಳೇ ಧಾರವಾಡ ಜಿಲ್ಲಾ ಒಡದು ಗದಗ, ಹಾವೇರಿ ಬ್ಯಾರೆ ಆದ್ವು. ಧಾರವಾಡ, ಗದಗ ಬೆಳಗಾವಿಯ ಉತ್ತರ ವಲಯ ಐಜಿಪಿ (ಪೊಲೀಸ್ ಮಹಾನಿರೀಕ್ಷಕ) ಕೆಳಗ, ಹಾವೇರಿ ದಾವಣಗೆರೆಯ ಪೂರ್ವ ವಲಯದ ಕೆಳಗ. ಹಾವೇರಿಯವರು ಮೇಲಿನ ಅರ್ಜಿ ಬೆಳಗಾವಿಗೆ ಕಳಿಸಿದ್ರ ಸುಮ್ನ ದಿನ ಹೋಗ್ತಾವ.

ಮೋಡಿ ಅಕ್ಷರ:
ಫೌಜದಾರ ಅನ್ನುವ ಮಾತಿನಲ್ಲೇ ಈ ಭಾಗದ ಚರಿತ್ರೆ ಇದೆ. ನಾಲ್ಕು ಪುಟದಲ್ಲಿ ಒಂದು ಪುಟ ಇದಕ್ಕೆ ಕೊಟ್ಟರೂ ತಪ್ಪಿಲ್ಲ. ಮೊಘಲರ ಕಾಲದಲ್ಲಿ ಫೌಜು ಇಟ್ಟುಕೊಂಡು ಒಂದು ಪ್ರಾಂತದ ಶಾಂತಿ ಕಾಯುವವನು ಫೌಜದಾರ. ಮರಾಠಿ ಆಡಳಿತದಿಂದ ಮುಂಬೈ ಇಲಾಖೆಗೆ ಬಂದ ಈ ಹೆಸರು ಕೊನೆಗೆ ಠಾಣೆಯ ಅಧಿಕಾರಿಗೆ ಅಂಟಿತು. ಹೆಡ್ ಕಾನ್‌ಸ್ಟೇಬಲ್ ‘ಜಮಾದಾರ’ನಾಗಿದ್ದೂ ಹಾಗೆಯೇ. ಮಹಾರಾಷ್ಟ್ರದಲ್ಲಿ ಈಗಲೂ ಪಿಎಸ್‌ಐಗೆ ‘ಫೌಜದಾರ’ ಅನ್ನುವುದುಂಟು.

ಕಾಯ್ದೆಯ ದಾರಿಯೂ ಬೇರೆ. 1861ರ ಪೊಲೀಸ್ ಕಾಯ್ದೆಯನ್ನು ಇಲ್ಲಿಗೂ ಹಚ್ಚಿ ಬರೆಯುತ್ತಾರೆ, ಅದು ಸರಿಯಲ್ಲ. ಮುಂಬೈ ಪ್ರಾಂತ ತನ್ನದೇ ಜಿಲ್ಲಾ ಪೊಲೀಸ್ ಕಾಯ್ದೆ ಮಾಡಿಕೊಂಡಿತ್ತು, ಮೊದಲು 1867ರಲ್ಲಿ, ಆಮೇಲೆ 1890ರಲ್ಲಿ. 1951ರಲ್ಲಿ ಮುಂಬೈ ಪೊಲೀಸ್ ಕಾಯ್ದೆ ಬಂತು. 1956ರ ನವೆಂಬರ್ 1ಕ್ಕೆ ಧಾರವಾಡ ಮೈಸೂರು ರಾಜ್ಯ ಸೇರಿತು. ಬೇರೆ ಬೇರೆ ಪ್ರಾಂತಗಳ ಕಾಯ್ದೆ ಸರಿಸಿ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಅಂತ ಬಂದದ್ದು 1963ರದ್ದು.

ಹಳ್ಳಿಯಲ್ಲಿ ಠಾಣೆಗಿಂತ ಮೊದಲು ಪೊಲೀಸ್ ಪಾಟೀಲನಿದ್ದ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆಯಡಿ ಅಪರಾಧದ ಸುದ್ದಿ ಮುಟ್ಟಿಸುವುದು, ಅನುಮಾನದ ಸಾವಿಗೆ ಪಂಚನಾಮೆ ಮಾಡುವುದು ಅವನ ಹೊಣೆ. ಕಂದಾಯ ನೋಡುವವನು ಮುಲ್ಕಿ ಪಾಟೀಲ. ಈ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಹೋದರೂ ‘ಪೊಲೀಸಪಾಟೀಲ’, ‘ಮುಲ್ಕಿಪಾಟೀಲ’ ಅಡ್ಡಹೆಸರುಗಳು ನಮ್ಮ ಊರುಗಳಲ್ಲಿ ಉಳಿದಿವೆ.

ಉಣಕಲ್ ದಂಡಿ:
ಭಾಳ ಉಪಕಾರ ಆತ್ರಿ ಎಲ್ಲಾರಿಗೂ. ಇನ್ನೆರಡು ಪ್ರಶ್ನೆ ಅವ. ಧಾರವಾಡಕ್ಕ ಬ್ಯಾರೆ ಪಾಲಿಕೆ ಆದ್ರ ಕಮಿಷನರೇಟೂ ಒಡೀತದೇನು? ಠಾಣಿಗಳ ಹುಟ್ಟಿದ ವರ್ಷ, ಹದ್ದಿ ಇವುಕ್ಕ ದಾಖಲೆ ಎಲ್ಲಿ ಕೇಳಬೇಕು? ಮತ್ತ ಓದುಗರಿಗೆ ಅನುಕೂಲ ಆಗೂವಂಗ, ಯಾವ ದೂರು ಎಲ್ಲಿಗೆ ಅಂತ ಒಂದು ಸಣ್ಣ ಚೌಕಟ್ಟು ಹಾಕಬೇಕಂತೀನಿ.

ಸಾಧನಕೇರಿ:
ತಾನಾಗಿ ಒಡೆಯುವುದಿಲ್ಲ. ಪಾಲಿಕೆ 1976ರ ಪೌರ ನಿಗಮಗಳ ಕಾಯ್ದೆಯ ವಿಷಯ, ಕಮಿಷನರೇಟ್ ಪೊಲೀಸ್ ಕಾಯ್ದೆಯ ವಿಷಯ. ಅದಕ್ಕೆ ಬೇರೆ ಅಧಿಸೂಚನೆಯೇ ಬೇಕು.

ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ‘ಠಾಣೆಯ ಇತಿಹಾಸ ತಿಳಿಸಿ’ ಅಂತ ಬರೆದರೆ ‘ಮಾಹಿತಿ ಲಭ್ಯವಿಲ್ಲ’ ಅನ್ನುವ ಉತ್ತರವೇ ಬರುತ್ತದೆ, ಯಾಕಂದರೆ ಇತಿಹಾಸ ಅನ್ನುವ ಕಡತ ಯಾವ ಕಚೇರಿಯಲ್ಲೂ ಇರುವುದಿಲ್ಲ. ‘ಇಂಥ ಠಾಣೆಯನ್ನು ಘೋಷಿಸಿದ ಮತ್ತು ಅದರ ಹದ್ದಿ ಗೊತ್ತುಪಡಿಸಿದ ಸರ್ಕಾರಿ ಅಧಿಸೂಚನೆಯ ದೃಢೀಕೃತ ಪ್ರತಿ’ ಅಂತ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಅವಧಿ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಚರಿತ್ರೆ, ಸಿಬ್ಬಂದಿ ಬಲ, ಕಟ್ಟಡ ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಬೇಡಿ. ಕಡತ ಬೆಂಗಳೂರಿನಲ್ಲಿದ್ದರೆ ಅರ್ಜಿಯನ್ನು ಐದು ದಿನದೊಳಗೆ ಅಲ್ಲಿಗೆ ದಾಟಿಸುವುದು ಇಲ್ಲಿಯ ಅಧಿಕಾರಿಯ ಕೆಲಸ.

ಬೆಟಗೇರಿ ನೇಕಾರ:
ಚೌಕಟ್ಟಿಗೆ ಇಷ್ಟು ಸಾಕ್ರಿ. ನಗರದೊಳಗ ಗಾಡಿ ಅಪಘಾತ ಆದ್ರ ಆಯಾ ಭಾಗದ ಸಂಚಾರ ಠಾಣಿ. ರೈಲಿನಾಗ, ಪ್ಲಾಟ್‌ಫಾರ್ಮಿನ ಮ್ಯಾಲ ಸಾಮಾನು ಕಳುವಾದ್ರ ರೈಲ್ವೆ ಪೊಲೀಸ್ ಠಾಣಿ. ಅದು ನವನಗರದ ಕಚೇರಿಗೆ ಸೇರಿದ್ದಲ್ಲ, ಬೆಂಗಳೂರಿನ ರೈಲ್ವೆ ಎಸ್‌ಪಿ ಕೆಳಗಿಂದು. ಆರ್‌ಪಿಎಫ್ (ರೈಲ್ವೆ ರಕ್ಷಣಾ ದಳ) ಮತ್ತ ಬ್ಯಾರೆ, ಅದು ಕೇಂದ್ರದ ಪಡೆ. ಫೋನಿನಾಗ ರೊಕ್ಕ ಹೋದ್ರ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು, ಆಮ್ಯಾಲ ಸಿಇಎನ್ ಠಾಣಿ. ತಡಾ ಆದಂಗ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕ ಜಿಗೀತಿರ್ತದ, ತಡಿಯೂದು ಕಷ್ಟ ಆಗ್ತದ.

‘ನಮ್ಮ ಹದ್ದಿ ಅಲ್ಲ’ ಅಂತ ತಿರುಗಿ ಕಳಿಸಿದ್ರ ‘ಝೀರೋ ಎಫ್‌ಐಆರ್ ಮಾಡ್ರಿ’ ಅಂತ ಕೇಳ್ರಿ, ಅಂದ್ರ ಹದ್ದಿ ನೋಡದ ದಾಖಲು ಮಾಡೂ ಎಫ್‌ಐಆರ್. ಬಿಎನ್‌ಎಸ್‌ಎಸ್ 173ರ ಪ್ರಕಾರ ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದ ಬಂಧಿಸಬಹುದಾದ ಅಪರಾಧದ) ಮಾಹಿತಿಯನ್ನ ಯಾವ ಠಾಣಿಯಾದ್ರೂ ದಾಖಲು ಮಾಡ್ಕೋಬೇಕು, ಪ್ರತಿ ಪುಕ್ಕಟೆ ಕೊಡಬೇಕು. ಮಿಂಚಂಚೆಯೊಳಗ ದೂರು ಕಳಿಸಿದ್ರ ಮೂರು ದಿನದೊಳಗ ಹೋಗಿ ಸಹಿ ಹಾಕಬೇಕು. ಇದನ್ನ ಮರತು ಮನ್ಯಾಗ ಕುಂತವರ ದೂರು ಎಫ್‌ಐಆರ್ ಆಗೂದಿಲ್ಲ. ಅಷ್ಟಾದ್ರೂ ತಗೊಳ್ಳಲಿಲ್ಲ ಅಂದ್ರ ದೂರಿನ ಸಾರಾಂಶ ಬರದು ಅಂಚೆಯಿಂದ ಮ್ಯಾಲಿನವರಿಗೆ ಕಳಸ್ರಿ: ಹಳ್ಳಿ ಕಡೆ ಎಸ್‌ಪಿಗೆ, ಅವಳಿ ನಗರದಾಗ ಡಿಸಿಪಿ ಇಲ್ಲಾ ಆಯುಕ್ತರಿಗೆ. ಅಂಚೆ ರಸೀದಿ ಮಾತ್ರ ಒಗೀಬ್ಯಾಡ್ರಿ, ಮುಂದ ಕೋರ್ಟಿಗೆ ಹೋಗೂದಾದ್ರ ಅದೇ ಪುರಾವೆ.