ಮೆಲ್ಬರ್ನ್‌ನಲ್ಲಿ ಮನೆ ಯಾವ ಸಬರ್ಬ್‌ನಲ್ಲಿ? ಮೊದಲು ಸ್ಕೂಲ್ ಫಾರ್ಮ್ ನೋಡಿ

ಮಗಳನ್ನು ಪ್ರೆಪ್‌ಗೆ, ಅಂದರೆ ಇಲ್ಲಿನ ಶಾಲೆಯ ಮೊದಲ ವರ್ಷಕ್ಕೆ, ಸೇರಿಸಲು ಹೋದ ದಿನ ಸ್ಕೂಲ್ ಆಫೀಸಿನಲ್ಲಿ ಒಂದು ಫಾರ್ಮ್ ಕೊಟ್ಟರು. ಹೆಸರು, ಹುಟ್ಟಿದ ತಾರೀಕು, ಲಸಿಕೆಯ ದಾಖಲೆ ಎಲ್ಲ ಸರಸರ ತುಂಬಿದೆವು. ಮನೆಯಲ್ಲಿ ಆಡುವ ಭಾಷೆ ಅನ್ನುವ ಜಾಗದಲ್ಲಿ ‘ಕನ್ನಡ’ ಅಂತ ಬರೆಯುವಾಗ ಮನಸ್ಸಿಗೆ ಹಿತವಾಯಿತು. ಅದರ ಕೆಳಗೆ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಎರಡು ಸಾಲು. ಅಪ್ಪ ಅಮ್ಮ ಇಬ್ಬರೂ ಸಿಗದಿದ್ದರೆ ಮಗುವನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ?

ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಈ ಊರಿನಲ್ಲಿ ನಮಗೆ ಗೊತ್ತಿದ್ದವರು ಅವರ ಆಫೀಸಿನ ಮೂವರು ಮಾತ್ರ. ಮೂವರೂ ಊರಿನ ಇನ್ನೊಂದು ತುದಿಯಲ್ಲಿದ್ದರು. ಸ್ಕೂಲ್ ಆಫೀಸಿನ ಹೆಂಗಸು ಒಳ್ಳೆಯವರು. ‘ಪರವಾಗಿಲ್ಲ, ಆಮೇಲೆ ತುಂಬಿಕೊಡಿ’ ಅಂದರು. ಆ ವರ್ಷ ಪೂರ್ತಿ ಆ ಎರಡು ಸಾಲು ಖಾಲಿಯೇ ಉಳಿದವು.

ಇಲ್ಲಿನ ಕನ್ನಡಿಗರ ಗುಂಪಿನಲ್ಲಿ ಪ್ರತಿ ತಿಂಗಳೂ ಯಾರಾದರೂ ಕೇಳುತ್ತಾರೆ. ‘ಇಬ್ಬರು ಮಕ್ಕಳನ್ನು ಕರೆದುಕೊಂಡು ಬರ್ತಾ ಇದ್ದೀವಿ, ಯಾವ ಸಬರ್ಬ್ ಒಳ್ಳೇದು?’ ತಕ್ಷಣ ಉತ್ತರಗಳು ಬರುತ್ತವೆ. ಟಾರ್ನೀಟ್, ಪಾಯಿಂಟ್ ಕುಕ್, ಗ್ಲೆನ್ ವೇವರ್ಲಿ, ಕ್ರೇಗಿಬರ್ನ್, ಕ್ಲೈಡ್ ನಾರ್ತ್. ಎಲ್ಲರೂ ತಾವಿರುವ ಜಾಗದ ಹೆಸರನ್ನೇ ಹೇಳುತ್ತಾರೆ. ತಪ್ಪೇನಿಲ್ಲ, ಅವರವರಿಗೆ ಅದು ಒಗ್ಗಿದೆ. ಆದರೆ ಬರುವವರಿಗೆ ಆ ಹೆಸರುಗಳಿಂದ ಏನೂ ತಿಳಿಯುವುದಿಲ್ಲ. ನಾವೂ 2018ರ ಕೊನೆಯಲ್ಲಿ ಹೀಗೇ ಕೇಳಿ, ಹೆಚ್ಚು ಜನ ಹೇಳಿದ ಹೆಸರನ್ನು ಹಿಡಿದುಕೊಂಡು ಹೋದವರು. ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಹಿಡಿದದ್ದು ಊರಿನ ಪೂರ್ವದ ಗ್ಲೆನ್ ವೇವರ್ಲಿ. ಕಾರಣ ಒಂದೇ, ಅಲ್ಲಿನ ಸರ್ಕಾರಿ ಹೈಸ್ಕೂಲಿಗೆ ದೊಡ್ಡ ಹೆಸರಿದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಮನೆಯ ವಿಳಾಸ ಯಾವ ಜೋನ್‌ನಲ್ಲಿದೆಯೋ ಆ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಸೀಟು ಸಿಗಲೇಬೇಕು. ಅದು ಮಗುವಿನ ಹಕ್ಕು. ಹಾಗಾಗಿ ಆ ಜೋನ್ ಒಳಗೆ ಬಾಡಿಗೆ ಜಾಸ್ತಿ. ನಾವು ಎರಡು ಕೋಣೆಯ ಸಣ್ಣ ಯೂನಿಟ್ ಒಂದಕ್ಕೆ ಕೈಯಲ್ಲಿದ್ದ ದುಡ್ಡೆಲ್ಲ ಸುರಿದೆವು. ಮಗಳಿಗೆ ಆಗ ಐದು ವರ್ಷ. ಇಲ್ಲಿ ಹೈಸ್ಕೂಲ್ ಶುರುವಾಗುವುದು ಏಳನೇ ತರಗತಿಯಿಂದ. ಅಂದರೆ ಇನ್ನೂ ಏಳು ವರ್ಷ ಬೇಕಾಗದ ಜೋನ್‌ಗೆ ನಾವು ವಾರ ವಾರ ದುಡ್ಡು ಕಟ್ಟುತ್ತಿದ್ದೆವು. ಪ್ರೈಮರಿಗೆ ಬೇರೆ ಜೋನ್, ಹೈಸ್ಕೂಲಿಗೆ ಬೇರೆ ಜೋನ್ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಸರ್ಕಾರದ ‘ಫೈಂಡ್ ಮೈ ಸ್ಕೂಲ್’ ತಾಣದಲ್ಲಿ ವಿಳಾಸ ಹಾಕಿದರೆ ಎರಡೂ ಕಾಣಿಸುತ್ತವೆ. ಹೊಸ ಬಡಾವಣೆಗಳಲ್ಲಿ ಹೊಸ ಶಾಲೆಗಳು ತೆರೆಯುತ್ತಾ ಇರುತ್ತವೆ, ಆಗ ಗೆರೆ ಸರಿಯುತ್ತದೆ. ಆದ್ದರಿಂದ ಮಗು ಸೇರುವ ವರ್ಷದ ನಕ್ಷೆಯನ್ನೇ ನೋಡಿ. ಮನೆಯ ಜಾಹೀರಾತಿನಲ್ಲಿ ಬರೆದ ಜೋನ್ ನಂಬಿ ಸಹಿ ಹಾಕಬೇಡಿ.

ದೊಡ್ಡ ಮಕ್ಕಳಿದ್ದವರಿಗೆ ಒಂದು ಮಾತು. ಪ್ರವೇಶ ಪರೀಕ್ಷೆ ಬರೆದು ಸೇರುವ ಸರ್ಕಾರಿ ಹೈಸ್ಕೂಲುಗಳು ಇಲ್ಲಿ ನಾಲ್ಕಿವೆ. ಮೆಲ್ಬರ್ನ್ ಹೈ ಹುಡುಗರಿಗೆ, ಮ್ಯಾಕ್‌ರಾಬರ್ಟ್‌ಸನ್ ಹುಡುಗಿಯರಿಗೆ, ಬೆರಿಕ್‌ನ ನಾಸಲ್ ಮತ್ತು ಪಶ್ಚಿಮದ ವೆರಿಬಿಯ ಸುಜಾನ್ ಕೋರಿ ಇಬ್ಬರಿಗೂ. ಪರೀಕ್ಷೆ ಎಂಟನೇ ತರಗತಿಯಲ್ಲಿ, ಸೇರುವುದು ಒಂಬತ್ತಕ್ಕೆ. ಇವಕ್ಕೆ ಜೋನ್ ಇಲ್ಲ. ಒಳ್ಳೆಯ ಶಾಲೆ ಎಲ್ಲ ಪೂರ್ವದ ಕಡೆಗೇ ಇದೆ ಅನ್ನುವ ಮಾತನ್ನು ಅಷ್ಟು ಗಟ್ಟಿಯಾಗಿ ನಂಬಬೇಕಾಗಿಲ್ಲ.

ನಮ್ಮ ಎರಡನೇ ತಪ್ಪು ಇನ್ನೂ ದೊಡ್ಡದು. ಮನೆ ಹಿಡಿಯುವಾಗ ಒಬ್ಬರ ಕೆಲಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು. ಗಂಡನ ಆಫೀಸ್ ಸಿಟಿಯ ಪಕ್ಕದ ಡಾಕ್‌ಲ್ಯಾಂಡ್ಸ್‌ನಲ್ಲಿತ್ತು, ಗ್ಲೆನ್ ವೇವರ್ಲಿಯಿಂದ ರೈಲು ಇತ್ತು, ಸರಿಹೋಯಿತು ಅಂದುಕೊಂಡೆವು. ನಾಲ್ಕು ತಿಂಗಳಾದ ಮೇಲೆ ನನಗೆ ಕೆಲಸ ಸಿಕ್ಕಿತು, ಅದು ಪಶ್ಚಿಮದ ಸನ್‌ಶೈನ್ ಕಡೆ. ಊರಿನ ಆ ತುದಿಯಿಂದ ಈ ತುದಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ. ಗಂಡನ ಕೆಲಸಕ್ಕೆ ತಕ್ಕಂತೆ ಮನೆ, ಹೆಂಡತಿಯ ಕೆಲಸ ಆ ಮನೆಗೆ ತಕ್ಕಂತೆ. ಆಮೇಲೆ ‘ಅವಳಿಗೆ ಇಲ್ಲಿ ಕೆಲಸ ಸಿಗಲಿಲ್ಲ’ ಅನ್ನುತ್ತೇವೆ. ನಿಜವಾಗಿ ಸಿಗದೇ ಇರುವುದು ಕೆಲಸ ಅಲ್ಲ, ಮಗುವನ್ನು ಸ್ಕೂಲಿನಿಂದ ಕರೆತರುವವರು. ಇದನ್ನು ನಾನು ಕೋಪದಿಂದ ಹೇಳುತ್ತಿಲ್ಲ. ಓದಿ ಬಂದ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಮನೆಯಲ್ಲಿ ಕೂತದ್ದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಸ್ಕೂಲಿನಿಂದ ಫೋನ್ ಬಂತು. ಮಗಳಿಗೆ ಜ್ವರ, ಬಂದು ಕರೆದುಕೊಂಡು ಹೋಗಿ. ಗಂಡ ಮೀಟಿಂಗ್‌ನಲ್ಲಿದ್ದರು, ಫೋನ್ ಎತ್ತಲಿಲ್ಲ. ನಾನು ಹೊರಟು ತಲುಪಲು ಒಂದೂ ಕಾಲು ಗಂಟೆ ಹಿಡಿಯಿತು. ಆಫೀಸಿನ ಪಕ್ಕದ ಸಣ್ಣ ಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದಳು. ಮಲಗಿಕೋ ಅಂದರೂ ಮಲಗಿರಲಿಲ್ಲವಂತೆ. ಶೂ ಬಿಚ್ಚಿರಲಿಲ್ಲ. ಬ್ಯಾಗನ್ನು ಬೆನ್ನಿನಿಂದ ಇಳಿಸಿರಲಿಲ್ಲ. ಅಮ್ಮ ಬಂದ ತಕ್ಷಣ ಹೊರಡಬೇಕಲ್ವಾ, ಅದಕ್ಕೆ. ಅವತ್ತು ರಾತ್ರಿಯೇ ಗಂಡನಿಗೆ ಹೇಳಿದೆ, ಈ ಮನೆ ಬಿಡೋಣ.

12 ತಿಂಗಳ ಕರಾರು ಮುಗಿದು 2020ರ ಜನವರಿಯಲ್ಲಿ ಪಶ್ಚಿಮದ ಪಾಯಿಂಟ್ ಕುಕ್‌ಗೆ ಬಂದೆವು. ಈ ಸಲ ಹುಡುಕಿದ ರೀತಿಯೇ ಬೇರೆ. ಮಧ್ಯಾಹ್ನ ಮೂರೂವರೆಗೆ ಸ್ಕೂಲ್ ಬಿಡುತ್ತದೆ. ಆಫ್ಟರ್ ಕೇರ್ ಇದ್ದರೆ ಆರು ಗಂಟೆಯ ಹೊತ್ತಿನವರೆಗೆ ನೋಡಿಕೊಳ್ಳುತ್ತಾರೆ. ಈ ಎರಡರ ನಡುವೆ ನಮ್ಮಿಬ್ಬರಲ್ಲಿ ಒಬ್ಬರು ಗೇಟಿನ ಹತ್ತಿರ ಇರುವುದಕ್ಕೆ ಆಗುತ್ತದಾ? ಇದೊಂದೇ ಪ್ರಶ್ನೆ ಇಟ್ಟುಕೊಂಡು ಹುಡುಕಿದೆವು. ನನ್ನ ಕೆಲಸಕ್ಕೆ ಕಾರಿನಲ್ಲಿ ಇಪ್ಪತ್ತೇ ನಿಮಿಷ. ಗಂಡನಿಗೆ ವಿಲಿಯಮ್ಸ್ ಲ್ಯಾಂಡಿಂಗ್‌ನಿಂದ ರೈಲು.

ಬಂದು ಎರಡು ತಿಂಗಳಿಗೇ ಕೋವಿಡ್. ಆ ಆಗಸ್ಟ್‌ನಲ್ಲಿ ಮೆಲ್ಬರ್ನ್‌ನವರಿಗೆ ಹಾಕಿದ ನಿಯಮ ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ಮನೆಯಿಂದ 5 ಕಿಲೋಮೀಟರ್ ದಾಟುವ ಹಾಗಿಲ್ಲ. ದಿನಕ್ಕೆ ಒಂದು ಗಂಟೆ ಮಾತ್ರ ನಡೆಯಬಹುದು. ರಾತ್ರಿ ಎಂಟರಿಂದ ಬೆಳಿಗ್ಗೆ ಐದರವರೆಗೆ ಕರ್ಫ್ಯೂ. ಎಲ್ಲರೂ ಫೋನಿನಲ್ಲಿ ಮನೆಯ ಸುತ್ತ ಒಂದು ವೃತ್ತ ಎಳೆದು ನೋಡಿದೆವು. ನಮ್ಮ ವೃತ್ತದಲ್ಲಿ ಸ್ಕೂಲಿತ್ತು, ಡಾಕ್ಟರಿದ್ದರು, ಸ್ಕೆಲಿಟನ್ ಕ್ರೀಕ್ ಪಕ್ಕದ ಕಾಲುದಾರಿ ಇತ್ತು. ಆ ದಾರಿಯಲ್ಲಿ ಒಂದು ಸಂಜೆ ಹಿಂದಿನಿಂದ ಒಂದು ಮಗುವಿನ ಕೂಗು ಕೇಳಿತು: ‘ಅಪ್ಪಾ, ಬಾತುಕೋಳಿ ನೋಡು, ಮರಿ ಹಾಕಿದೆ!’ ತಿರುಗಿ ನೋಡಿದೆ. ಮಾಸ್ಕ್ ಹಾಕಿದ್ದರಿಂದ ಮುಖ ಕಾಣಲಿಲ್ಲ. ‘ಕನ್ನಡದವರಾ?’ ಅಂತ ದೂರದಿಂದಲೇ ಕೇಳಿದೆ. ಅವರ ಮನೆ ನಮ್ಮ ಮನೆಯಿಂದ ಎಂಟು ನಿಮಿಷದ ನಡಿಗೆ. ಮರುವರ್ಷದ ಸ್ಕೂಲ್ ಫಾರ್ಮಿನ ಮೊದಲ ಸಾಲಿನಲ್ಲಿ ಅವರ ಹೆಸರು ಬರೆದೆವು. ಎರಡನೇ ಸಾಲಿನಲ್ಲಿ ಪಕ್ಕದ ಮನೆಯ ಫಿಲಿಪೀನ್ಸ್‌ನ ಅಜ್ಜಿ.

ನಿಯಮ ಹೋಯಿತು, ಆದರೆ ಆ ವೃತ್ತವನ್ನು ನಾನು ಬಿಟ್ಟಿಲ್ಲ. ಯಾರಾದರೂ ಮನೆಯ ಲಿಂಕ್ ಕಳಿಸಿ ಹೇಗಿದೆ ಅಂತ ಕೇಳಿದರೆ ಮೊದಲು 5 ಕಿಲೋಮೀಟರ್ ಎಳೆದು ನೋಡುತ್ತೇನೆ. ಸ್ಕೂಲ್, ಡಾಕ್ಟರ್, ಲೈಬ್ರರಿ, ಈಜುಕೊಳ, ಇಬ್ಬರಲ್ಲಿ ಒಬ್ಬರ ಕೆಲಸ ಅಥವಾ ರೈಲು, ಮತ್ತೆ ಕಷ್ಟಕ್ಕೆ ಬರುವ ಒಂದು ಮನೆ. ದೇವಸ್ಥಾನ ಹತ್ತಿರ ಇರಬೇಕು ಅಂತ ತುಂಬ ಜನ ಕೇಳುತ್ತಾರೆ. ನನಗೂ ದೇವಸ್ಥಾನ ಬೇಕು. ಆದರೆ ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ನಾವು ವರ್ಷಕ್ಕೆ ಆರೇಳು ಸಲ ಹೋಗುತ್ತೇವೆ. ಸ್ಕೂಲ್ ಗೇಟಿಗೆ ಸುಮಾರು 200 ದಿನ, ದಿನಕ್ಕೆ ಎರಡು ಸಲ. ದೂರದ ಡ್ರೈವ್ ದೇವಸ್ಥಾನಕ್ಕೆ ಇರಲಿ.

ರೈಲಿನ ವಿಷಯದಲ್ಲಿ ನಕ್ಷೆಯನ್ನು ಸುಮ್ನೆ ನಂಬಬೇಡಿ. ಪಾಯಿಂಟ್ ಕುಕ್‌ಗೆ ತನ್ನದೇ ಸ್ಟೇಷನ್ ಇಲ್ಲ. ವೊಲ್ಲರ್ಟ್‌ಗೂ ಇಲ್ಲ, ಕ್ಲೈಡ್ ನಾರ್ತ್‌ಗೂ ಇಲ್ಲ. ಟಾರ್ನೀಟ್‌ಗೆ 2015ರಲ್ಲಿ ಸ್ಟೇಷನ್ ಬಂತು. ಆದರೆ ಅಲ್ಲಿ ಓಡುವುದು ಮೆಟ್ರೊ ಅಲ್ಲ, ಜೀಲಾಂಗ್ ಕಡೆಯಿಂದ ಬರುವ ವಿ-ಲೈನ್ ರೈಲು. ಅದು ಸಿಟಿಯ ಸದರ್ನ್ ಕ್ರಾಸ್ ಸ್ಟೇಷನ್‌ಗೆ ಹೋಗುತ್ತದೆ. ಆಫೀಸ್ ಅದರ ಹತ್ತಿರ ಇದ್ದರೆ ತುಂಬ ಅನುಕೂಲ, ಇಲ್ಲದಿದ್ದರೆ ಇನ್ನೊಂದು ರೈಲು ಬದಲಿಸಬೇಕು. ಇನ್ನು ಕಾರಿನಲ್ಲಿ ಸಿಟಿಗೆ ಹೋಗುವವರಿಗೆ ಪಶ್ಚಿಮದ ಸಬರ್ಬ್‌ಗಳಲ್ಲಿ ಒಂದು ತೊಂದರೆ ಇದೆ, ಯಾರೂ ಮೊದಲೇ ಹೇಳುವುದಿಲ್ಲ. ಬೆಳಿಗ್ಗೆ ಪೂರ್ವಕ್ಕೆ ಓಡಿಸುತ್ತೀರಿ, ಸೂರ್ಯ ಕಣ್ಣಿಗೆ. ಸಂಜೆ ಪಶ್ಚಿಮಕ್ಕೆ ವಾಪಸ್, ಆಗಲೂ ಸೂರ್ಯ ಕಣ್ಣಿಗೆ. ಪೂರ್ವದ ಕಡೆ ಇರುವವರಿಗೆ ಎರಡು ಹೊತ್ತೂ ಬಿಸಿಲು ಬೆನ್ನಿಗೆ. ಸಣ್ಣ ವಿಷಯ ಅನ್ನಿಸಬಹುದು, ವೆಸ್ಟ್ ಗೇಟ್ ಸೇತುವೆಯ ಮೇಲೆ ಮುಕ್ಕಾಲು ಗಂಟೆ ನಿಂತಾಗ ಅಲ್ಲ.

ಮನೆ ನೋಡಲು ಶನಿವಾರ ಬಿಸಿಲಿನಲ್ಲಿ ಹೋದರೆ ಎಲ್ಲ ಸಬರ್ಬ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ವಾರದ ದಿನ ಮತ್ತೊಮ್ಮೆ ಹೋಗಿ. ಜೂನ್‌ನಲ್ಲಿ ಇಲ್ಲಿ ಐದೂ ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಐದೂವರೆಗೆ ಆ ಬೀದಿಯಲ್ಲಿ ಮಗುವಿನ ಕೈ ಹಿಡಿದು ನಡೆದು ನೋಡಿ. ದೀಪ ಇದೆಯಾ, ಫುಟ್‌ಪಾತ್ ಇದೆಯಾ, ಬಡಾವಣೆಯಿಂದ ಮುಖ್ಯರಸ್ತೆಗೆ ಬರಲು ಎಷ್ಟು ಕಾರು ಸಾಲು ನಿಂತಿವೆ? ಪಶ್ಚಿಮದ್ದು ಬಯಲು, ಗಾಳಿ ಜಾಸ್ತಿ, ಪೂರ್ವಕ್ಕಿಂತ ಮಳೆ ಕಡಿಮೆ. ಹೊಸ ಬಡಾವಣೆಯ ಮರಗಳು ಇನ್ನೂ ಕೋಲಿನಷ್ಟು ದಪ್ಪ. ನೆರಳು ಬೇಕು ಅನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

ಬಾಡಿಗೆಯ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಇಲ್ಲಿ ಬಾಡಿಗೆ ವಾರದ ಲೆಕ್ಕ. 550 ಡಾಲರ್ ಅಂದರೆ ನಾಲ್ಕರಿಂದ ಗುಣಿಸಬೇಡಿ, ತಿಂಗಳಿಗೆ ಸುಮಾರು 2,390 ಆಗುತ್ತದೆ. ವಾರದ ಬಾಡಿಗೆ 900 ಡಾಲರ್ ಒಳಗಿದ್ದರೆ ಬಾಂಡ್, ಅಂದರೆ ಠೇವಣಿ, ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಆ ದುಡ್ಡು ಮಾಲೀಕರ ಕೈಯಲ್ಲಿ ಇರುವುದಿಲ್ಲ, ಸರ್ಕಾರದ ಬಾಂಡ್ ಪ್ರಾಧಿಕಾರದಲ್ಲಿ ಇರುತ್ತದೆ. ಕಂಡಿಷನ್ ರಿಪೋರ್ಟ್ ಅಂತ ಕೊಡುತ್ತಾರೆ. ಗೋಡೆಯ ಗೀರು, ಕಾರ್ಪೆಟ್ಟಿನ ಕಲೆ ಎಲ್ಲ ಬರೆದು, ಫೋಟೊ ತೆಗೆದು, 5 ಕೆಲಸದ ದಿನದೊಳಗೆ ವಾಪಸ್ ಕೊಡಿ. ಮೊದಲ ವರ್ಷ ಬಾಡಿಗೆಯೇ ಇರಲಿ. ಬಂದ ಮೂರು ತಿಂಗಳಿಗೆ ಜಾಗ ಕೊಂಡು, ಆಮೇಲೆ ಎರಡನೆಯವರ ಕೆಲಸ ಇನ್ನೊಂದು ದಿಕ್ಕಿನಲ್ಲಿ ಸಿಕ್ಕಿ ಒದ್ದಾಡಿದವರು ನನಗೆ ಗೊತ್ತಿದ್ದಾರೆ.

ಇನ್ನೊಂದು ಭಯ ತುಂಬ ಜನರಿಗೆ. ‘ನಮ್ಮವರೇ ಜಾಸ್ತಿ ಇರೋ ಕಡೆ ಹೋದರೆ ಮಕ್ಕಳಿಗೆ ಇಂಗ್ಲಿಷ್ ಬರಲ್ಲ, ಇಲ್ಲಿಯವರ ಜೊತೆ ಬೆರೆಯಲ್ಲ.’ ನನ್ನ ಮನೆಯಲ್ಲಿ ಆದದ್ದು ಇದರ ಉಲ್ಟಾ. ಗ್ಲೆನ್ ವೇವರ್ಲಿಯ ಒಂದೇ ವರ್ಷದಲ್ಲಿ ಮಗಳು ನನಗೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡಲು ಶುರು ಮಾಡಿದಳು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ನಾನು ಕಥೆ ಹೇಳಿದೆ, ಪದ್ಯ ಹೇಳಿಕೊಟ್ಟೆ, ಗದರಿದೆ ಕೂಡ. ಏನೂ ಪ್ರಯೋಜನವಾಗಲಿಲ್ಲ. ಆ ಬಾತುಕೋಳಿ ಹುಡುಗನ ಜೊತೆ ಆಡಲು ಶುರು ಮಾಡಿದ ಮೇಲೆ ಒಂದು ದಿನ ಹಿತ್ತಲಿನಿಂದ ಕೇಳಿಸಿತು. ಕಣ್ಣಾಮುಚ್ಚಾಲೆಗೆ ಬೇಲಿಗೆ ಮುಖ ಒತ್ತಿಕೊಂಡು ‘ಏಳು, ಎಂಟು, ಒಂಬತ್ತು’ ಅಂತ ಎಣಿಸುತ್ತಿದ್ದಳು. ಅವನು ಊರಿನಿಂದ ಬಂದು ಆರು ತಿಂಗಳಾಗಿತ್ತಷ್ಟೆ, ಅವನಿಗೆ ಇಂಗ್ಲಿಷ್ ಎಣಿಕೆ ತಡವರಿಸುತ್ತಿತ್ತು, ಅದಕ್ಕೆ ಇವಳು ಕನ್ನಡಕ್ಕೆ ಬಂದಳು. ಮಗುವಿಗೆ ಕನ್ನಡ ಬೇಕಾಗಿದ್ದು ಅಮ್ಮನಿಗಾಗಿ ಅಲ್ಲ, ಆಟಕ್ಕೆ. ವಾರದ ಕನ್ನಡ ತರಗತಿಗೂ ಕಳಿಸುತ್ತೇವೆ, ಅಕ್ಷರ ಅಲ್ಲಿ ಬರುತ್ತದೆ. ಆದರೆ ಮಾತು ಬಂದದ್ದು ಆ ಹಿತ್ತಲಿನಿಂದ. ಅದಕ್ಕೇ ಹೇಳುವುದು, ನಡೆದು ಹೋಗುವಷ್ಟು ದೂರದಲ್ಲಿ ಒಂದು ಕನ್ನಡದ ಮನೆ ಇದ್ದರೂ ಸಾಕು. ಇಡೀ ಬೀದಿ ಬೇಕಿಲ್ಲ.

ಬರುವವರು ಗಮನಿಸಿ. ಇಲ್ಲಿ ಶಾಲೆ ಶುರುವಾಗುವುದು ಜನವರಿ ಕೊನೆಗೆ. ಏಪ್ರಿಲ್ 30ರೊಳಗೆ ಐದು ತುಂಬುವ ಮಗು ಆ ವರ್ಷ ಪ್ರೆಪ್‌ಗೆ ಸೇರಬಹುದು. ಮೂರು, ನಾಲ್ಕು ವರ್ಷದ ಮಕ್ಕಳಿಗೆ ಕಿಂಡರ್ (ಪ್ರೆಪ್‌ಗೆ ಮುಂಚಿನ ಶಿಶುವಿಹಾರ) 2023ರಿಂದ ಉಚಿತ, ಆದರೆ ಅದು ವಾರಕ್ಕೆ ಕೆಲವೇ ಗಂಟೆ. ಪೂರ್ತಿ ದಿನದ ಚೈಲ್ಡ್‌ಕೇರ್ ಲೆಕ್ಕ ಬೇರೆ ಹಾಕಿಕೊಳ್ಳಿ.

ಸಬರ್ಬ್ ಹೆಸರು ಕೇಳುವ ಬದಲು ಮಕ್ಕಳ ವಯಸ್ಸು, ಒಬ್ಬರ ಕೆಲಸ ಎಲ್ಲಿ, ಇನ್ನೊಬ್ಬರು ಯಾವ ಕೆಲಸ ಹುಡುಕುತ್ತಾರೆ, ಇಷ್ಟು ಬರೆದು ಕಳಿಸಿ. ಪಶ್ಚಿಮದ ಕಡೆಯ ಮನೆಯಾದರೆ ಶನಿವಾರದ ಇನ್‌ಸ್ಪೆಕ್ಷನ್‌ಗೆ ನಾನೇ ಹೋಗಿ ವಿಡಿಯೊ ಮಾಡಿ ಕಳಿಸುತ್ತೇನೆ. ಬೀದಿಯನ್ನೂ, ಸ್ಕೂಲಿನ ದಾರಿಯನ್ನೂ ತೋರಿಸುತ್ತೇನೆ. ಮನೆ ನಮ್ಮ 5 ಕಿಲೋಮೀಟರ್ ಒಳಗೆ ಸಿಕ್ಕಿತು ಅಂತಾದರೆ, ಸ್ಕೂಲ್ ಫಾರ್ಮ್ ತುಂಬುವಾಗ ಆ ಎರಡು ಸಾಲಿನಲ್ಲಿ ಒಂದಕ್ಕೆ ನನ್ನ ಹೆಸರು ಬರೆದುಕೊಳ್ಳಿ.