‘ಜೈವಿಕ ಸಂವರ್ಧನೆ’ಯಲ್ಲಿ ವೃದ್ಧಿಯಾಗುವುದು ಯಾವುದು?

ಪ್ರಶ್ನೆ:

ಬಳಗದ ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಪರಿಸರ ವಿಜ್ಞಾನಕ್ಕೊಂದು ಪದಪಟ್ಟಿ ಸಿದ್ಧವಾಗುತ್ತಿದೆ. ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಕೀಟನಾಶಕದ ಸಾಂದ್ರತೆ ಹೆಚ್ಚುವುದಕ್ಕೆ ಜೈವಿಕ ಸಂವರ್ಧನೆ, ಜೈವಿಕ ವರ್ಧನೆ, ಜೈವಿಕ ಸಂಚಯನ, ಜೈವಿಕ ಸಾಂದ್ರೀಕರಣ ಎಂಬ ನಾಲ್ಕೂ ಕಾಣಸಿಗುತ್ತವೆ. ಇವು ಪರ್ಯಾಯ ಪದಗಳೇ? ಇನ್ನೊಂದು: ಯೂಟ್ರೊಫಿಕೇಶನ್‌ಗೆ, ಅಂದರೆ ಕೆರೆಯ ನೀರಿನಲ್ಲಿ ಪೋಷಕಾಂಶ ತುಂಬಿಕೊಳ್ಳುವುದಕ್ಕೆ, ‘ಸುಪೋಷಣೆ’ ಎನ್ನುತ್ತೇವೆ. ಕೆಡುವ ನೀರಿಗೆ ‘ಸು’ ಏಕೆ? ಬಲ್ಲವರು ತಿಳಿಸಿ.

ಉತ್ತರ:

ನಾಲ್ಕು ಪದ, ಮೂರು ಅರ್ಥ. ಜೀವಿ ತನ್ನ ಸುತ್ತಲಿನ ನೀರಿನಿಂದಲೇ ವಿಷವನ್ನು ಕಿವಿರು ಅಥವಾ ಚರ್ಮದ ಮೂಲಕ ಹೀರಿಕೊಂಡರೆ ಅದು ಸಾಂದ್ರೀಕರಣ. ನೀರಿನಿಂದಾಗಲಿ ಆಹಾರದಿಂದಾಗಲಿ ಬಂದದ್ದು ಹೊರಹೋಗದೆ ಒಂದೇ ದೇಹದಲ್ಲಿ ದಿನೇ ದಿನೇ ಕೂಡಿಕೊಂಡರೆ ಸಂಚಯನ. ತಿಂದ ಜೀವಿಯಲ್ಲಿ ಅದಕ್ಕೆ ಆಹಾರವಾದ ಜೀವಿಗಿಂತ ಹೆಚ್ಚು, ಅದನ್ನು ತಿಂದ ಜೀವಿಯಲ್ಲಿ ಇನ್ನೂ ಹೆಚ್ಚು, ಹೀಗೆ ಸ್ತರದಿಂದ ಸ್ತರಕ್ಕೆ ಏರಿದರೆ ಮಾತ್ರ ವರ್ಧನೆ ಅಥವಾ ಸಂವರ್ಧನೆ. ಬೇರ್ಪಡಿಸಲೇಬೇಕೆನ್ನಲು ಸೀಸವೊಂದೇ ಸಾಕು. ಅದು ಮೂಳೆಯಲ್ಲಿ ವರ್ಷಗಟ್ಟಲೆ ಸಂಚಯವಾಗುತ್ತದೆ, ಆದರೆ ಸಾಮಾನ್ಯವಾಗಿ ಸರಪಳಿಯಲ್ಲಿ ಮೇಲೇರಿದಂತೆ ಹೆಚ್ಚುವುದಿಲ್ಲ. ಪಾದರಸದ ಸಾವಯವ ರೂಪವಾದ ಮೀಥೈಲ್ ಪಾದರಸ ಎರಡನ್ನೂ ಮಾಡುತ್ತದೆ.

ಪಠ್ಯಗಳಲ್ಲಿ ಬರುವ ಡಿಡಿಟಿ ಕೀಟನಾಶಕದ ಉದಾಹರಣೆಯನ್ನೇ ತೆಗೆದುಕೊಳ್ಳಿ: ನೀರಿನಲ್ಲಿ 0.000003 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ, ಅಂದರೆ ಕಿಲೋಗೆ ಇಷ್ಟು ಮಿ.ಗ್ರಾಂ), ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳಾದ ಪ್ರಾಣಿಪ್ಲವಕದಲ್ಲಿ 0.04, ಸಣ್ಣ ಮೀನಿನಲ್ಲಿ 0.5, ದೊಡ್ಡ ಮೀನಿನಲ್ಲಿ 2, ಮೀನು ತಿನ್ನುವ ಹಕ್ಕಿಯಲ್ಲಿ 25. ಬುಡದಿಂದ ತುದಿಗೆ ಸುಮಾರು 83 ಲಕ್ಷ ಪಟ್ಟು. ಈ ಇಡೀ ಏರಿಕೆಯನ್ನು ವರ್ಧನೆಯ ಲೆಕ್ಕಕ್ಕೆ ಬರೆಯುವುದು ರೂಢಿ. ಭಾಗಿಸಿ ನೋಡಿದರೆ ನೀರಿನಿಂದ ಪ್ಲವಕಕ್ಕೇ ಸುಮಾರು 13,000 ಪಟ್ಟು. ಅದರ ಬಹುಪಾಲು ನೇರ ಹೀರಿಕೆ, ಅಂದರೆ ಸಾಂದ್ರೀಕರಣ. ಪ್ಲವಕದಿಂದ ಹಕ್ಕಿಯವರೆಗಿನ ಏರಿಕೆ 625 ಪಟ್ಟು. ವರ್ಧನೆ ಎಂಬ ಮಾತು ಸಲ್ಲುವುದು ಮುಖ್ಯವಾಗಿ ಇದಕ್ಕೆ.

ನನ್ನ ತಕರಾರು ‘ಸಂವರ್ಧನೆ’ಯ ಮೇಲೆಯೇ. ಕನ್ನಡದಲ್ಲಿ ಅದು ಪೋಷಿಸಿ ಬೆಳೆಸುವ ಮಾತು: ಕಲೆಯ ಸಂವರ್ಧನೆ, ಭಾಷೆಯ ಸಂವರ್ಧನೆ. ‘ಜೈವಿಕ’ವೂ ಜೈವಿಕ ಗೊಬ್ಬರ, ಜೈವಿಕ ಇಂಧನಗಳ ಸಹವಾಸದಿಂದ ಒಳ್ಳೆಯ ಹೆಸರು ಪಡೆದಿದೆ. ಎರಡೂ ಕೂಡಿದಾಗ ‘ಜೀವಿಗಳ ಸಂಖ್ಯೆ ಹೆಚ್ಚುವುದು’ ಎಂದು ಮಕ್ಕಳು ಬರೆದರೆ ತಪ್ಪು ಅವರದ್ದೆನ್ನಲಾಗದು. ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ವಿಷವೇ ವೃದ್ಧಿಯಾಗುತ್ತದೆ ಎಂಬ ಭಾವನೆ ಈ ಪದದಿಂದ ಬರುತ್ತದೆ. ವಿಷದ ಒಟ್ಟು ಮೊತ್ತ ಎಲ್ಲಿಯೂ ಹೆಚ್ಚುವುದಿಲ್ಲ. 1000 ಕಿಲೋ ಪ್ಲವಕದಲ್ಲಿ ಕಿಲೋಗೆ 0.04 ಮಿ.ಗ್ರಾಂ.ನಂತೆ 40 ಮಿ.ಗ್ರಾಂ ಇದೆಯೆನ್ನಿ. ಅದನ್ನು ತಿಂದು 100 ಕಿಲೋ ಮೀನು ಬೆಳೆಯಿತು. ಆಹಾರದ ಬಹುಪಾಲು ಉಸಿರಾಟದಲ್ಲಿ ಉರಿದುಹೋಯಿತು, ವಿಷ ಒಡೆಯದೆ ಉಳಿಯಿತು. ಅದೇ 40 ಮಿ.ಗ್ರಾಂ ಈಗ 100 ಕಿಲೋದಲ್ಲಿದೆ, ಅಂದರೆ ಕಿಲೋಗೆ 0.4. ಒಂದಿಷ್ಟು ವಿಸರ್ಜನೆಯಾಗುವುದರಿಂದ ನಿಜದಲ್ಲಿ ಲೆಕ್ಕ ಇಷ್ಟು ಚೊಕ್ಕವಾಗಿರುವುದಿಲ್ಲ, ತತ್ವ ಮಾತ್ರ ಇದೇ. ಹೆಚ್ಚುವುದು ಸಾಂದ್ರತೆ, ಅದೂ ಸ್ತರದಿಂದ ಸ್ತರಕ್ಕೆ. ಆದ್ದರಿಂದ ‘ವಿಷದ ಸ್ತರವೃದ್ಧಿ’ ಎಂಬುದು ನನ್ನ ಸಲಹೆ.

ವ್ಯಾಖ್ಯಾನದಲ್ಲಿ ‘ಕೊಬ್ಬಿನಲ್ಲಿ ಕರಗುವ ವಿಷ’ ಎಂದಷ್ಟೇ ಬರೆಯಬೇಡಿ. ಡಿಡಿಟಿಗೆ ಅದು ಸರಿ. ಮೀಥೈಲ್ ಪಾದರಸ ಅಂಟಿಕೊಳ್ಳುವುದು ಪ್ರೋಟೀನಿಗೆ, ಹಾಗಾಗಿ ಮೀನಿನ ಮಾಂಸಖಂಡದಲ್ಲೇ ಇರುತ್ತದೆ. ಕೊಬ್ಬು ತೆಗೆದು ತಿಂದರೂ ಅದು ಹೋಗದು. ‘ಸುಲಭವಾಗಿ ಒಡೆಯದ, ವಿಸರ್ಜನೆಯಾಗದ’ ಎಂದರೆ ಎರಡಕ್ಕೂ ಹೊಂದುತ್ತದೆ.

ಇನ್ನೊಂದು ಉತ್ತರ:

ಮೇಲಿನ ವಿವರಣೆಗೆ ನನ್ನ ಒಪ್ಪಿಗೆಯಿದೆ, ಹೊಸ ಪದಕ್ಕೆ ಇಲ್ಲ. ಸರ್, ‘ಸ್ತರವೃದ್ಧಿ’ ಎಂದರೆ ಸ್ತರಗಳ ಸಂಖ್ಯೆಯೇ ಹೆಚ್ಚಿತು ಎಂದೂ ಓದಬಹುದಲ್ಲ? ಪರೀಕ್ಷೆಯಲ್ಲಿ ಹಳೆಯ ಪದವೇ ಬಂದರೆ ಮಕ್ಕಳಿಗೆ ಅದು ಗೊತ್ತಿರಬೇಕು. ‘ವಿಷದ ಜೈವಿಕ ವರ್ಧನೆ’ ಎಂದು ಒಂದು ಪದ ಮುಂದೆ ಸೇರಿಸಿದರೂ ಅರ್ಧ ಗೊಂದಲ ಹೋಗುತ್ತದೆ.

‘ಸುಪೋಷಣೆ’ ತಪ್ಪಲ್ಲ. ಗ್ರೀಕಿನ ‘ಯೂ’ ಎಂದರೂ ಒಳ್ಳೆಯದು ಎಂದೇ ಅರ್ಥ, ಪದಶಃ ಇಳಿಸಿದ್ದಾರೆ. ಕೆರೆ ತಾನಾಗಿ ನೂರಾರು, ಸಾವಿರಾರು ವರ್ಷಗಳಲ್ಲಿ ಪೋಷಕಾಂಶ ತುಂಬಿಕೊಳ್ಳುವುದಕ್ಕೆ ಅದನ್ನು ಉಳಿಸಿಕೊಳ್ಳಬಹುದು. ಗೊಬ್ಬರ, ಕೊಳಚೆಗಳ ಸಾರಜನಕ ಮತ್ತು ರಂಜಕ ಸೇರಿ ಕೆಲವೇ ದಶಕಗಳಲ್ಲಿ ಆಗುವುದಕ್ಕೆ ‘ಅತಿಪೋಷಣೆ’ ಎನ್ನೋಣ. ಆಹಾರಶಾಸ್ತ್ರದಲ್ಲೂ ಆ ಪದ ಇರುವುದರಿಂದ ಮೊದಲ ಬಾರಿ ಬರುವಲ್ಲಿ ‘ನೀರಿನ ಅತಿಪೋಷಣೆ’ ಎಂದೇ ಬರೆಯಿರಿ.

ಇಲ್ಲೂ ವ್ಯಾಖ್ಯಾನದಲ್ಲಿ ಒಂದು ಕೊಂಡಿ ತಪ್ಪಿಹೋಗುತ್ತದೆ. ‘ಪಾಚಿ ಆಮ್ಲಜನಕ ಹೀರಿ ಮೀನು ಸಾಯುತ್ತವೆ’ ಎಂದು ಬರೆಯುತ್ತಾರೆ. ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುವುದೇ ಹೆಚ್ಚು. ರಾತ್ರಿಯ ಉಸಿರಾಟದಿಂದ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ದೊಡ್ಡ ಪೆಟ್ಟು ಬೀಳುವುದು ಪಾಚಿ ಸತ್ತು ತಳಕ್ಕಿಳಿದು, ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಕರಗಿದ ಆಮ್ಲಜನಕವನ್ನು ಬಳಸಿಕೊಂಡಾಗ. 20 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ ಇರಬಲ್ಲದು. 5ಕ್ಕಿಂತ ಇಳಿದರೆ ಹಲವು ಮೀನುಗಳಿಗೆ ಕಷ್ಟ, 2ಕ್ಕಿಂತ ಇಳಿದರೆ ಹೆಚ್ಚಿನವು ಬದುಕುವುದಿಲ್ಲ. ಪದಪಟ್ಟಿಯಲ್ಲಿ ‘ಪಾಚಿ ಸತ್ತು ಕೊಳೆಯುವಾಗ’ ಎಂಬ ಮೂರು ಪದ ಬಿಟ್ಟುಹೋಗದಂತೆ ನೋಡಿಕೊಳ್ಳಿ.